ದೇವಿಗೆ ಬಿಟ್ಟ ಗುಂಡಿಗೆ

ನನ್ನ ಅಜ್ಜಿಯ ಕಥೆಗಳಲ್ಲಿ ಯಾವ ರಾಕ್ಷಸನೂ ತನ್ನ ಜೀವವನ್ನು ತನ್ನ ಮೈಯಲ್ಲಿ ಇಟ್ಟುಕೊಂಡಿರುತ್ತಿರಲಿಲ್ಲ. ಏಳು ಸಮುದ್ರದಾಚೆ ಒಂದು ಆಲದ ಮರ, ಮರದ ಪೊಟರೆಯಲ್ಲಿ ಪಂಜರ, ಪಂಜರದಲ್ಲಿ ಗಿಣಿ, ಗಿಣಿಯೊಳಗೆ ಅವನ ಜೀವ. "ಆ ಗಿಣಿಗೆ ಕಾಳು ಹಾಕೋರು ಯಾರಜ್ಜಿ?" ಎಂದು ಕೇಳಿದರೆ ಅಜ್ಜಿ ಗದರುತ್ತಿದ್ದಳು: "ಹೂಂ ಅನ್ನು ಅಂದ್ರ ಅಡ್ಡ ಮಾತಾಡ್ತಿ. ಕೇಳೋರು ಹೂಂ ಅನ್ನದಿದ್ರ ಕಥಿಯೊಳಗಿನ ಮಂದಿ ಹಾದ್ಯಾಗ ನಿಂತ ಬಿಡ್ತಾರ."

ಕಾಳು ಹಾಕುವವರು ಯಾರೆಂದು ನನಗೆ ತಿಳಿದದ್ದು ಜೀವಸೇತು ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ.

ಧಾರವಾಡದ ಹೊರವಲಯದಲ್ಲಿ ನಮ್ಮ ನಿಗಾ ಕೋಣೆ. ಅದರ ಒಂದು ಗೋಡೆಯ ತುಂಬ ಗುಂಡಿಗೆಗಳು ಬಡಿಯುತ್ತಿದ್ದವು. ಬಡಿತದ ಹಸಿರು ಗೆರೆಗಳು, ಅಷ್ಟೆ. ಆದರೆ ದಿನವಿಡೀ ನೋಡಿದರೆ ಗೆರೆಗಳಿಗೂ ಮುಖ ಬರುತ್ತದೆ. ಕುರಿಯ ಭ್ರೂಣದಲ್ಲಿ ಗುಂಡಿಗೆ ಕಟ್ಟುವ ಜೀನನ್ನು ಮಾತ್ರ ನಮ್ಮವರು ಅಳಿಸುತ್ತಿದ್ದರು. ಆ ತೆರವಿನಲ್ಲಿ ಮನುಷ್ಯನ ಕೋಶಗಳನ್ನು ಬಿಡುತ್ತಿದ್ದರು. ಭ್ರೂಣ ಉಣ್ಣೆ, ಕೊಂಬು, ಗೊರಸು ಎಲ್ಲವನ್ನೂ ಕುರಿಯದೇ ಆಗಿ ಕಟ್ಟಿಕೊಂಡು ಗುಂಡಿಗೆಯೊಂದನ್ನು ಮನುಷ್ಯನದಾಗಿ ಕಟ್ಟುತ್ತಿತ್ತು. ಟಗರು ಪ್ರಾಯಕ್ಕೆ ಬಂದಾಗ ಅದನ್ನು ತಂದು, ಕೊಯ್ದು, ಗುಂಡಿಗೆಯನ್ನು ರೋಗಿಯ ಎದೆಯಲ್ಲಿ ಇಡುವುದು.

ಮೊದಲು ಅವನ್ನು ತಂಪು ಕೊಟ್ಟಿಗೆಗಳಲ್ಲಿ ಸಾಕಿದರು. ಗುಂಡಿಗೆಗಳು ಹತ್ತಿಯಂತೆ ಮೆತ್ತಗಾದವು. ಗುಡ್ಡ ಹತ್ತದ ಗುಂಡಿಗೆ ಗಟ್ಟಿಯಾಗುವುದಿಲ್ಲ ಎಂದು ಗೊತ್ತಾದ ಮೇಲೆ ಟಗರುಗಳನ್ನು ಹಳ್ಳಿಗಳ ಕುರಿ ಸಾಕುವ ಮನೆಗಳಿಗೆ ಕೊಟ್ಟರು. ಕೊರಳಿಗೆ ಒಂದು ಪಟ್ಟಿ. ಬಡಿತವನ್ನೂ ಇರುವ ಜಾಗವನ್ನೂ ಅದು ನಮಗೆ ಹೇಳುತ್ತಿತ್ತು. ಸಾಕುವವರಿಗೆ ರೋಗಿ ಯಾರೆಂದು ಗೊತ್ತಾಗಬಾರದು, ರೋಗಿಗೆ ಸಾಕುವವರು ಯಾರೆಂದು ಗೊತ್ತಾಗಬಾರದು. ಇದು ನಿಯಮ. ರಾಕ್ಷಸರಿಗೂ ಅದೇ ನಿಯಮವಿತ್ತು.

ನಲವತ್ತೊಂದನೇ ಟಗರಿನದು ಬೇರೆ ಬಗೆ. ಅದರ ರೋಗಿಗೆ ತಾಯಿಯ ಕಡೆಯಿಂದ ಇಳಿದುಬಂದ ಕಾಯಿಲೆ. ಅವನದೇ ಕೋಶದಿಂದ ಕಟ್ಟಿದರೆ ಹೊಸ ಗುಂಡಿಗೆಗೂ ಅದೇ ಗತಿ. ಅದಕ್ಕೆ ಕೋಶ ಬೇರೆಯವರದು: ತಂದೆ ಒಬ್ಬನೇ, ತಾಯಿ ಬೇರೆಯಾದ ಯಾರೋ ಒಬ್ಬರದು. ಅವರ ರಕ್ತದಿಂದ ತೆಗೆದ ದ್ರವವನ್ನು ತಿಂಗಳಿಗೊಮ್ಮೆ ಟಗರಿಗೆ ಚುಚ್ಚಬೇಕಿತ್ತು, ಕುರಿಯ ಮೈ ಪರರ ಗುಂಡಿಗೆಗೆ ತಿರುಗಿ ಬೀಳದಿರಲಿ ಎಂದು. ನನಗೆ ಹೆಸರುಗಳು ಗೊತ್ತಿರಲಿಲ್ಲ. ಗೋಡೆಯ ಮೇಲೆ ಟಗರಿನ ಗೆರೆ ಸೊಕ್ಕಿನಿಂದ ಬಡಿಯುತ್ತಿತ್ತು, ಪಕ್ಕದಲ್ಲಿ ರೋಗಿಯ ಗೆರೆ ಕುಂಟುತ್ತಿತ್ತು.

ಆ ಟಗರು ಈಗ ಹಟ್ಟಿಗೆ ಹೋಗುತ್ತಿರಲಿಲ್ಲ. ಬೋಳಗುಡ್ಡವೆಂಬ ಆ ಊರಿನ ಹೊಲದಿಂದ ಹೊಲಕ್ಕೆ ಒಂದೇ ತಿರುಗುತ್ತಿತ್ತು. ಯಾರೂ ಅದನ್ನು ಅಟ್ಟಿದ ಗುರುತಿಲ್ಲ. ಓಡಿದ್ದರೆ ಬಡಿತ ಏರಬೇಕಿತ್ತು.

"ಕಳ್ಳರ ಕೈಗೆ ಸಿಕ್ಕರೆ ಮುಗೀತು," ಎಂದರು ನಮ್ಮ ಮೇಲಿನ ಡಾಕ್ಟರ್ ಸಾಲಿಮಠ. "ಹೆಂಗೂ ಈ ವಾರ ತರಬೇಕು. ನಡಿ ಇಂದುಮತಿ, ಹೋಗಿ ಕರಕೊಂಡು ಬರೋಣ."

*

ಬೋಳಗುಡ್ಡದ ಅರ್ಧವನ್ನು ಕಲ್ಲಿನ ಕ್ವಾರಿ ತಿಂದಿತ್ತು. ಉಳಿದರ್ಧದ ಬುಡದಲ್ಲಿ ಫಕೀರವ್ವನ ಮನೆ, ಪಕ್ಕದಲ್ಲಿ ಮುಳ್ಳುಬೇಲಿಯ ಕುರಿಹಟ್ಟಿ. ಅವಳು ಮೊಣಕಾಲ ಕೆಳಗೆ ಒಂದು ಕುರಿಯನ್ನು ಒತ್ತಿಹಿಡಿದು ಉಣ್ಣೆ ಕತ್ತರಿಸುತ್ತಿದ್ದಳು. ನಮ್ಮನ್ನು ನೋಡಿಯೂ ಕತ್ತರಿ ನಿಲ್ಲಿಸಲಿಲ್ಲ. ಅವಳ ತಾಯಿ ಯಮನವ್ವ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಫಕೀರವ್ವನ ಮಗಳು, ಆರು ವರ್ಷದ ತನುಜಾ, ಉಣ್ಣೆಯ ರಾಶಿಯಲ್ಲಿ ಹೊರಳುತ್ತಿದ್ದಳು.

"ಟಗರು ಎಲ್ಲವಾ?" ಎಂದರು ಡಾಕ್ಟರ್.

"ಅದರ ಮನಸ್ಸಿಗೆ ಬಂದಲ್ಲಿ. ಅದು ನಮ್ದಲ್ಲರಿ ಈಗ."

"ಮೊದಲೂ ನಿಮ್ಮದಾಗಿರಲಿಲ್ಲ. ಕಂಪನೀದು."

"ಕಂಪನೀದೂ ಅಲ್ಲ," ಎಂದಳು ಯಮನವ್ವ, ಜೋಳದಿಂದ ತಲೆಯೆತ್ತದೆ. "ದ್ಯಾಮವ್ವ ತಾಯೀದು."

ಮೂರು ವಾರದ ಹಿಂದೆ ತನುಜಾಳಿಗೆ ಜ್ವರ ತಲೆಗೇರಿತ್ತಂತೆ. ದವಾಖಾನೆಯವರು ಮನೆಗೆ ಒಯ್ಯಿರಿ ಎಂದುಬಿಟ್ಟಿದ್ದರು. ಯಮನವ್ವ ಹಟ್ಟಿಯ ಬಾಯಲ್ಲಿ ನಿಂತು ಹರಕೆ ಕೂಗಿದಳು. ಆ ಕಡೆಯ ರೂಢಿಯಲ್ಲಿ ಹರಕೆ ಹೊತ್ತವರು ಪ್ರಾಣಿಯನ್ನು ಆರಿಸುವಂತಿಲ್ಲ. ಹರಕೆಯ ಮಾತು ಬಿದ್ದ ಗಳಿಗೆಯಲ್ಲಿ ಯಾವುದು ತಲೆ ಎತ್ತುತ್ತದೋ ಅದು ದೇವಿಯದು. ಅದರ ಕಿವಿ ಸೀಳಿ, ಕೊಂಬಿಗೆ ಭಂಡಾರದ ಅರಿಸಿನ ಬಳಿದು ಬಿಡುತ್ತಾರೆ. ಸಾಯುವವರೆಗೆ ಅದು ಯಾರ ಹೊಲವನ್ನಾದರೂ ಮೇಯಬಹುದು. ಹೊಡೆಯುವಂತಿಲ್ಲ, ಕಟ್ಟುವಂತಿಲ್ಲ, ಕೊಯ್ಯುವಂತಿಲ್ಲ.

"ಉಳಿದ ಕುರಿ ತಲಿ ಬಗ್ಗಿಸಿ ಮೇಯಾಕತ್ತಿದ್ವು. ನಿಮ್ಮ ಟಗರೊಂದ ತಲಿ ಎತ್ತಿ ನನ್ನ ನೋಡ್ತು," ಎಂದಳು ಯಮನವ್ವ. "ಮರುದಿನ ಕೂಸು ಗಂಜಿ ಬೇಡ್ತು. ಇನ್ನ ನೀವ ಹೇಳ್ರಿ, ನಾ ಏನ್ ಮಾಡ್ಲಿ?"

"ಅಲ್ಲಮ್ಮ, ಅದರೊಳಗೆ ಒಬ್ಬ ಮನುಷ್ಯನ ಗುಂಡಿಗೆ ಇದೆ!"

"ನನ್ನ ಮೊಮ್ಮಗಳಿಗೂ ಒಂದು ಇತ್ರಿ."

ಡಾಕ್ಟರರು ನಮ್ಮ ಡ್ರೈವರ್ ಮೈಲಾರಿಗೆ ಹಗ್ಗ ತರಲು ಹೇಳಿದರು. ಟಗರು ದ್ಯಾಮವ್ವನ ಗುಡಿಯ ಕಟ್ಟೆಯ ಮೇಲೆ ನಿಂತಿತ್ತು. ಬೆಟ್ಟದಂಥ ಮೈ, ಹಳದಿ ಕೊಂಬು, ಸೀಳಿದ ಕಿವಿ. ಮೈಲಾರಿ ಹಗ್ಗವನ್ನು ನೆಲಕ್ಕೆ ಹಾಕಿ ಗಲ್ಲ ಗಲ್ಲ ಬಡಿದುಕೊಂಡ. "ಸರ, ನನಗ ಎರಡು ಮಕ್ಕಳದಾವ. ಬೇಕಂದ್ರ ನೌಕರಿ ತಗೀರಿ."

ಡಾಕ್ಟರರೇ ಕಟ್ಟೆ ಹತ್ತಿದರು. ಟಗರು ಕೊಂಬು ತಗ್ಗಿಸಿತು, ಅವರು ಇಳಿದರು. ಮಂಪರು ಮದ್ದಿನ ಸೂಜಿ ಹೊಡೆಯುವಂತಿರಲಿಲ್ಲ, ಬೆದರಿಸುವಂತೆಯೂ ಇರಲಿಲ್ಲ. ಬೆದರಿದ ಗುಂಡಿಗೆ ಕಸಿಗೆ ಬಾರದು. ಅದು ತಾನಾಗಿ ನಡೆದು ಬರಬೇಕು, ಮತ್ತು ಅದು ಬರುತ್ತಿದ್ದದ್ದು ಫಕೀರವ್ವ ಕೂಗಿದರೆ ಮಾತ್ರ.

"ಒಂದು ಸಲ ಕರೀರಿ ಫಕೀರವ್ವ," ಎಂದು ನಾನು ಬೇಡಿದೆ.

"ಕರದು ಕೊಳ್ಳು ಕೊಯ್ಯಾಕ ಕೊಡ್ಲೇನು ಅಕ್ಕಾರ? ನಾಳೆ ಕೂಸಿಗೆ ಏನರ ಆದ್ರ ನಿಮ್ಮ ಕಂಪನಿ ಇನ್ನೊಂದು ಕೂಸು ಬೆಳಸಿ ಕೊಡ್ತೈತೇನು?" ಅವಳು ತೋಳು ಮಡಿಸಿ ಬೆವರು ಒರೆಸಿಕೊಂಡಳು. ಮೊಣಕೈಯ ಒಳಬದಿಯಲ್ಲಿ ಸೂಜಿಯ ಕಲೆಗಳು, ಹಳೆಯವು, ಹೊಸವು.

"ಇದೇನು?"

"ನಿಮ್ಮ ಸಿಸ್ಟರ್ ತಿಂಗಳಾ ಬರ್ತಾಳ. ಟಗರಿಗೆ ಸೂಜಿ ಮಾಡೋ ದಿನ ನನ್ನ ರಕ್ತಾನೂ ತಗೀತಾಳ. ಕುರಿ ಕಾಯೋರಿಗೆ ರೋಗ ಇರಬಾರದಂತ, ತಪಾಸಣಿ."

ಕುರಿ ಕಾಯುವವರಿಗೆ ನಾವು ಅಂಥ ತಪಾಸಣೆ ಮಾಡುತ್ತಿದ್ದದ್ದು ಒಮ್ಮೆ, ಮೊದಲಲ್ಲಿ. ನಾನು ಡಾಕ್ಟರರ ಮುಖ ನೋಡಿದೆ. ಅವರು ಗುಡ್ಡ ನೋಡುತ್ತಿದ್ದರು.

*

ಮರುದಿನ ಬೆಳಿಗ್ಗೆ, ನಾವಿನ್ನೂ ಊರಲ್ಲಿರುವಾಗಲೇ, ನಿಯಮ ಮುರಿಯಿತು. ನಮ್ಮವರಲ್ಲೇ ಯಾರೋ ಬಾಯಿಬಿಟ್ಟಿದ್ದರು. ಕಪ್ಪು ಕಾರೊಂದು ಗುಡಿಯ ಮುಂದೆ ನಿಂತು, ಒಳಗಿಂದ ಕ್ವಾರಿಯ ಒಡೆಯ ವೀರನಗೌಡ ಮಗನ ಹೆಗಲು ಹಿಡಿದು ಇಳಿದ. ಮೂಗಿನಲ್ಲಿ ಆಮ್ಲಜನಕದ ಕೊಳವೆ, ತುಟಿ ನೇರಳೆ. ಮಗ ಸಂಗನಗೌಡ ಸಿಲಿಂಡರನ್ನು ಮಗುವಿನಂತೆ ಎತ್ತಿಕೊಂಡಿದ್ದ. ರಾಕ್ಷಸ ತನ್ನ ಗಿಣಿಯನ್ನು ನೋಡಲು ತಾನೇ ಬಂದಿದ್ದ.

ಊರೇ ಕೂಡಿತು. ಅರ್ಧ ಊರು ಅವನ ಕ್ವಾರಿಯ ಆಳುಗಳೇ.

"ಯಾವಳಲೇ ಆಕಿ," ಎಂದ ಗೌಡ ಕುರ್ಚಿಯಲ್ಲಿ ಕುಸಿದು, "ನನ್ನ ಗುಂಡಿಗಿ ಹೊಲ ಮೇಯಾಕ ಬಿಟ್ಟಾಕಿ?"

"ನಾನರಿ," ಎಂದಳು ಫಕೀರವ್ವ. "ಮಂದಿ ಹೊಲ ಮೇಯೋದು ನಿಮ್ಮ ಮನಿತನದ ಗುಣ. ಅದಕ್ಕ ನಾ ಕಲಿಸಿಲ್ಲ."

ಹಿಂದೆ ಯಾರೋ ಕಿಸಕ್ಕೆಂದರು. ಗೌಡ ಗುಡಿಯ ಪೂಜಾರಿ ಬಡಿಗೇರ ಮಾನಪ್ಪಜ್ಜನ ಕಡೆ ತಿರುಗಿದ. "ಏನಪಾ ಪೂಜಾರಿ, ಟಗರು ಹೆಚ್ಚೋ ಮನುಷ್ಯಾ ಹೆಚ್ಚೋ?"

ಮಾನಪ್ಪಜ್ಜ ತಲೆ ಕೆರೆದುಕೊಂಡ. "ಗೌಡ್ರ, ಬರೇ ಟಗರು ಆಗಿದ್ರ ಹೇಳಬೌದಿತ್ತು. ಅದರಾಗ ನಿಮ್ಮ ಗುಂಡಿಗಿ ಐತಿ ಅಂತೀರಿ. ಗುಂಡಿಗಿ ಇದ್ದಲ್ಲಿ ಜೀವ. ಅಂದಮ್ಯಾಲ ಬಿಟ್ಟಿದ್ದು ಟಗರನ್ನೋ ನಿಮ್ಮನ್ನೋ, ನನಗ ತಿಳೀವಲ್ದು."

"ಅಂದ್ರ ಗೌಡ್ರನ್ನ ದೇವಿಗೆ ಬಿಟ್ಟಂಗಾತು!" ಎಂದು ಒಬ್ಬ ಕೂಗಿದ.

"ಹಂಗಾದ್ರ ದೇವದಾಸೇರಿಗೆ ಕಟ್ಟೋ ಮುತ್ತು ತರ್ರೋ, ಕೊಳ್ಳಿಗೆ ಕಟ್ಟೂಣು!"

ನಗು ಕಟ್ಟೆಯಿಂದ ಕಟ್ಟೆಗೆ ಹಾರಿತು. ಕ್ವಾರಿಯ ದೂಳು ಮೆತ್ತಿದ ಮುಖಗಳು, ಎಷ್ಟು ವರ್ಷದ ನಗುವೋ ಅದು. ಆಗ ಯಮನವ್ವ ಎದ್ದು ನಿಂತಳು. ನಗು ತಾನಾಗಿ ಸತ್ತಿತು.

"ನಗಬ್ಯಾಡ್ರಿ," ಎಂದಳು. "ಮುತ್ತು ನನ್ನ ಕೊಳ್ಳಾಗ ಬಿದ್ದಾಗ ನಾ ಇಷ್ಟಿದ್ದೆ," ಎಂದು ತನುಜಾಳ ತಲೆಗಿಂತ ಒಂದು ಗೇಣು ಮೇಲೆ ಕೈ ಹಿಡಿದಳು. "ಈತನ ಅಪ್ಪ ಇದ ಕಟ್ಟಿ ಮ್ಯಾಲ ಕುಂತು ಕಟ್ಟಿಸಿದ. ದೇವಿ ಹೆಸರು ಹೇಳಿ ಬಿಟ್ರು, ದೇವಿ ಮನಿ ಬಿಟ್ಟು ಗೌಡನ ಮನಿಗೆ ಒಯ್ದ್ರು. ಗೌಡಾ, ನನ್ನ ಬಿಟ್ಟಾಗ ನನ್ನ ಯಾರೂ ಕೇಳಲಿಲ್ಲ. ನಿನ್ನೂ ಕೇಳಲಿಲ್ಲ. ಲೆಕ್ಕ ಸರಿ ಹೋತು."

ಗೌಡನ ತುಟಿ ಇನ್ನಷ್ಟು ನೇರಳೆಯಾಯಿತು. "ಸೂಳಿ ಕಡಿಂದ ಮಾತು ಹೇಳಿಸಿಕೊಳ್ಳಾಕ ಬಂದಿಲ್ಲ ನಾನು. ಆ ಮಗಳಿಗೆ ಅಪ್ಪ ಯಾರಂತ ಆಕಿಗೇ ಗೊತ್ತಿಲ್ಲ..."

"ಗೊತ್ತದ," ಎಂದೆ ನಾನು.

ನಾನೇ ಹೇಳಿದೆನೆಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಡಾಕ್ಟರರು ನನ್ನ ತೋಳು ಹಿಡಿದರು. "ಇಂದುಮತಿ, ಬಾಯಿ ಮುಚ್ಚು. ಕೆಲಸ ಹೋಗ್ತದ."

"ಹೋಗಲಿ ಸರ." ನಾನು ಗೌಡನ ಮುಂದೆ ಹೋಗಿ ನಿಂತೆ. "ಆ ಗುಂಡಿಗೆ ನಿಮ್ಮದಲ್ಲರಿ. ನಿಮ್ಮ ಕೋಶದಿಂದ ಕಟ್ಟಿದ್ದಲ್ಲ. ನಿಮ್ಮ ತಂದೆಗೆ ಇನ್ನೊಬ್ಬಳ ಹೊಟ್ಟೆಯಲ್ಲಿ ಹುಟ್ಟಿದವರ ರಕ್ತದಿಂದ ಕಟ್ಟಿದ್ದು. ಅಂಥವರು ಸಿಕ್ಕಿದ್ದಾರೆ ಅಂದಾಗ ನೀವು ಯಾರು ಅಂತ ಕೇಳಲಿಲ್ಲ, ಬೇಗ ಕಟ್ಟರಿ ಅಂದ್ರಿ, ಕಡತದಲ್ಲಿ ಬರೆದದ. ಆ ರಕ್ತ ತಿಂಗಳಿಗೊಮ್ಮೆ ಎಲ್ಲಿಂದ ಬರ್ತದ ಅಂತ ನಿನ್ನೆ ನನಗ ತಿಳೀತು." ನಾನು ಫಕೀರವ್ವನ ತೋಳು ತೋರಿಸಿದೆ.

ಯಾರೂ ಹೂಂ ಅನ್ನಲಿಲ್ಲ. ಕಥೆಯೊಳಗಿನ ಮಂದಿಯೆಲ್ಲ ಹಾದಿಯಲ್ಲಿ ನಿಂತುಬಿಟ್ಟರು.

ಫಕೀರವ್ವ ಮೊಣಕೈ ತಿರುಗಿಸಿ ಕಲೆಗಳನ್ನು ನೋಡಿಕೊಂಡಳು. ಹೆಬ್ಬೆರಳಿಂದ ಒಂದೊಂದನ್ನೂ ಒತ್ತಿದಳು. "ತಪಾಸಣಿ ಅಂದಿದ್ರಿ," ಎಂದಳು ಡಾಕ್ಟರರಿಗೆ, ಮೆಲ್ಲಗೆ. ಆಮೇಲೆ ಗೌಡನಿಗೆ: "ನಾ ಸಣ್ಣಾಕಿದ್ದಾಗ ನಿಮ್ಮ ಬಾಗಿಲಿಗೆ ಮಜ್ಜಿಗಿ ಬೇಡಾಕ ಬಂದ್ರ ನಾಯಿ ಬಿಟ್ಟಿದ್ರಿ, ನೆನಪೈತೇನು? ನನ್ನ ನೆಳ್ಳು ಬ್ಯಾಡಾತು, ರಕ್ತ ನಡೀತು."

"ಏನ್ ಬೇಕು ನಿನಗ? ಹೇಳು, ಒಗೀತೀನಿ."

ಉತ್ತರ ಕೊಟ್ಟವಳು ಯಮನವ್ವ. "ಬಿಟ್ಟದ್ದನ್ನ ತಿರುಗಿ ಬೇಡಾಕ ಒಂದ ಹಾದಿ ಐತಿ. ಹರಕಿ ಹೊತ್ತ ಮನೀ ಮಂದೀನ ತಾಯಿ ಮುಂದ ಬೇಡಬೇಕು. ಹೊರಗಿನವರು ಬೇಡಾಂಗಿಲ್ಲ. ಹೌದಲ್ಲ, ಮಾನಪ್ಪಾ?"

ಪೂಜಾರಿ ಹೌದೆಂದು ತಲೆಯಾಡಿಸಿದ.

"ಹಂಗಾದ್ರ ಮನ್ಯಾಂವ ಆಗಿ ಬಾ. ಅಣ್ಣ ತಂಗಿಗೆ ಹೆಂಗ ಉಡಿ ತುಂಬ್ತಾನೋ ಹಂಗ ತುಂಬು. ದ್ಯಾಮವ್ವನ ಮುಂದ, ಈ ಮಂದಿ ಮುಂದ, 'ಈಕಿ ನನ್ನ ತಂಗಿ' ಅನ್ನು. ಫಕೀರವ್ವ ಟಗರು ಕರೀತಾಳ. ಪಾಪ ಬಂದ್ರ ನನ್ನ ತಲಿಮ್ಯಾಲ ಬರಲಿ."

ಗೌಡ ಬಾಯಿ ತೆರೆದ. ಮಗ ಬಗ್ಗಿ ಅವನ ಕಿವಿಯಲ್ಲಿ ಏನೋ ಹೇಳಿದ. ಕ್ವಾರಿ, ಹಿಸ್ಸೆ ಎಂಬ ಎರಡು ಮಾತು ನನಗೂ ಕೇಳಿಸಿದವು. ಕಾರು ಹಿಂದಕ್ಕೆ ಹೊರಟಿತು.

*

ನನ್ನನ್ನು ಕೂಡಲೇ ತೆಗೆಯಲಿಲ್ಲ. ಬಾಯಿಬಿಟ್ಟವಳನ್ನು ಹೊರಗಿಡುವುದಕ್ಕಿಂತ ಒಳಗಿಡುವುದು ಸುರಕ್ಷಿತ ಎಂದು ಮೇಲಿನವರು ಯೋಚಿಸಿರಬೇಕು. ನಿಗಾ ಕೋಣೆಯಲ್ಲಿ ಯಾರೂ ನನ್ನ ಜೊತೆ ಮಾತಾಡುತ್ತಿರಲಿಲ್ಲ. ನನ್ನ ಕುರ್ಚಿಯ ಪಕ್ಕದ ಕುರ್ಚಿಯನ್ನು ಯಾರೋ ಎತ್ತಿ ಬೇರೆ ಕಡೆ ಇಟ್ಟಿದ್ದರು. ನಾನು ಎರಡು ಗೆರೆಗಳನ್ನು ನೋಡುತ್ತ ಕೂರುತ್ತಿದ್ದೆ. ಟಗರು ಗುಡ್ಡ ಹತ್ತಿದರೆ ಅದರ ಗೆರೆ ಏರುತ್ತಿತ್ತು. ಗೌಡ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೂ ಅವನದು ಮುಗ್ಗರಿಸುತ್ತಿತ್ತು.

"ನೋಡು ನಿನ್ನ ಕೆಲಸ," ಎಂದರು ಡಾಕ್ಟರ್ ಸಾಲಿಮಠ ಒಂದು ದಿನ, ಹಿಂದೆ ನಿಂತು. "ನಾನು ಒಂದು ಜೀವ ಉಳಿಸಬೇಕಂತ ಎರಡು ಹನಿ ರಕ್ತ ಕದ್ದೆ. ನೀನು ನ್ಯಾಯ ಹೇಳಬೇಕಂತ ಒಂದು ಜೀವ ತೆಗೀತಿದ್ದೀ. ಯಾರು ದೊಡ್ಡವರು?"

ಅಜ್ಜಿಯ ಕಥೆಯಲ್ಲಿ ಗಿಣಿಯ ಕತ್ತು ಹಿಸುಕಿದ ರಾಜಕುಮಾರನನ್ನು ಯಾರೂ ಇಂಥದ್ದು ಕೇಳುತ್ತಿರಲಿಲ್ಲ.

"ಅವರು ಒಂದು ಮಾತು ಅಂದ್ರೆ ಸಾಕು ಸರ."

"ಆ ವಯಸ್ಸಿನ ಗಂಡಸರಿಗೆ ಒಂದು ಮಾತು ಅಂದ್ರೆ ಏನು ಅಂತ ನಿನಗೆ ಗೊತ್ತಿಲ್ಲ," ಎಂದು ಅವರು ಹೊರಟುಹೋದರು.

ವಾರ ಕಳೆಯುವ ಮೊದಲೇ ಗೌಡ ಉಡಿಯ ಸಾಮಾನು ತಗೊಂಡು ಹೊರಟಿದ್ದಾನೆಂದು ಸುದ್ದಿ ಬಂತು. ಟಗರು ಸಿಕ್ಕ ತಕ್ಷಣ ತರಲು ತಂಪು ಗಾಡಿ ಹೊರಟಿತು. ನಾನೂ ಹತ್ತಿದೆ, ಯಾರೂ ಇಳಿ ಎನ್ನಲಿಲ್ಲ.

ಗುಡಿಯ ಮುಂದೆ ಕಂಬಳಿ ಹಾಸಿತ್ತು. ಇಳಕಲ್ಲ ಸೀರೆ, ಖಣ, ಅಕ್ಕಿ, ಕೊಬ್ಬರಿ, ಉತ್ತತ್ತಿ, ಎಲೆ ಅಡಿಕೆ, ಯಾವುದೂ ಕಡಿಮೆಯಿರಲಿಲ್ಲ. ಫಕೀರವ್ವ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದಳು. ಎಷ್ಟು ಹಗೆಯಿದ್ದರೂ ಅವಳು ಬಾಚಿಕೊಂಡು ಬಂದಿದ್ದಳು. ಕಂಬಳಿಯ ಮೇಲೆ ಕೂತು ಸೆರಗು ಒಡ್ಡಿದಳು.

ಗೌಡ ಕಾರಿನಿಂದ ಇಳಿಯಲಿಲ್ಲ. ಗಾಜು ಇಳಿಸಿ, "ಇಲ್ಲಿ ಬಾ ಅನ್ರಿ ಆಕಿಗೆ. ಕಿವ್ಯಾಗ ಹೇಳ್ತೀನಿ," ಎಂದ.

"ನಮ್ಮವ್ವನ್ನ ಬಿಟ್ಟಾಗ ಡೊಳ್ಳು ಬಡಿಸಿದ್ರಿ," ಎಂದಳು ಫಕೀರವ್ವ ಕೂತಲ್ಲಿಂದಲೇ. "ಕಿವ್ಯಾಗ ಯಾಕ?"

ಅವನು ಇಳಿದ. ಮಗನನ್ನು ತಳ್ಳಿ ಒಬ್ಬನೇ ನಾಲ್ಕು ಹೆಜ್ಜೆ ಬಂದು ಕಂಬಳಿಯ ಅಂಚಿನಲ್ಲಿ ನಿಂತ. ಬೊಗಸೆಯಲ್ಲಿ ಅಕ್ಕಿ ಎತ್ತಿದ. ಕಟ್ಟೆಯ ಮೇಲಿಂದ ಟಗರು ನೋಡುತ್ತಿತ್ತು. ನನ್ನ ಕೈಯ ಪುಟ್ಟ ಪರದೆಯಲ್ಲಿ ಎರಡು ಗೆರೆಗಳು ಅಷ್ಟು ಹತ್ತಿರ ಎಂದೂ ಬಂದಿರಲಿಲ್ಲ.

"ಈಕಿ," ಎಂದ ಗೌಡ. ಉಸಿರು ಎಳೆದ. "ಈಕಿ ನನ್ನ..."

ಬೊಗಸೆಯಿಂದ ಅಕ್ಕಿ ಸುರಿಯತೊಡಗಿತು. ಒಂದಷ್ಟು ಸೆರಗಿಗೂ ಬಿತ್ತು. ಅವನು ತಲೆಯೆತ್ತಿ ಜನರನ್ನು ನೋಡಿದ. ಆಳುಗಳು, ಆಳುಗಳ ಹೆಂಡಂದಿರು, ಎಲ್ಲರೂ ಒಂದೇ ಮಾತಿಗೆ ಬಾಯಿ ತೆರೆದು ಕಾಯುತ್ತಿದ್ದರು. ಯಾರೂ ನಗಲಿಲ್ಲ, ಯಾರೋ ನಗಬಹುದು ಎನ್ನುವಂತೆ ಕೆಮ್ಮಿದರು, ಅಷ್ಟೆ.

ಗೌಡ ಕೈ ಕೊಡವಿದ.

"ನಡೀರಿ ಮನಿಗೆ."

"ಅಪ್ಪಾ!" ಎಂದ ಮಗ. ಮೊನ್ನೆ ಕಿವಿಯಲ್ಲಿ ಬೇಡವೆಂದವನೇ ಇವತ್ತು ಕೂಗಿದ. "ಅಪ್ಪಾ, ಅಂದುಬಿಡು!"

"ನಡಿ ಅಂದ್ನಲ್ಲ."

ಫಕೀರವ್ವ ಸೆರಗಿನಲ್ಲಿ ಬಿದ್ದಿದ್ದ ಅಕ್ಕಿಯನ್ನು ಕಾಳು ಬಿಡದೆ ಕಂಬಳಿಗೆ ಉದುರಿಸಿ ಎದ್ದಳು.

ಮೂರನೆಯ ದಿನ ಮಧ್ಯಾಹ್ನ, ನಾವು ಊಟದ ಡಬ್ಬಿ ಬಿಚ್ಚುವ ಹೊತ್ತಿನಲ್ಲಿ, ಗೌಡನ ಗೆರೆ ಮಲಗಿತು. ಪಕ್ಕದ ಗೆರೆ ಬಡಿಯುತ್ತಲೇ ಇತ್ತು.

*

ಆ ಗುಂಡಿಗೆಗೆ ಬೇರೆ ರೋಗಿಯನ್ನು ಹುಡುಕಿದರು. ಆಗ ನಮಗೆ ಗೊತ್ತಿದ್ದಂತೆ ಅದು ಚೆನ್ನಾಗಿ ಹೊಂದುವ ಎದೆ ಒಂದೇ ಇತ್ತು, ಫಕೀರವ್ವನದು. ಅವಳ ಎದೆಯೊಳಗಿನದು ಗಟ್ಟಿಮುಟ್ಟಾಗಿತ್ತು. ಗಿಣಿ ಈಗ ಅದಕ್ಕೆ ಕಾಳು ಹಾಕುವವಳದಾಗಿತ್ತು. ಸಂಸ್ಥೆ ನಲವತ್ತೊಂದನ್ನು ಕೈಬಿಟ್ಟಿತು. ಕೊರಳಪಟ್ಟಿ ಬಿಚ್ಚಿ ತಂದುಕೊಟ್ಟು ಲೆಕ್ಕ ಚುಕ್ತಾ ಮಾಡಿಕೊಂಡು ಹೋಗು ಎಂದು ನನಗೆ ಹೇಳಿದರು.

ಹೋದಾಗ ಟಗರು ಗೌಡರ ಹೊಲದಲ್ಲಿತ್ತು. ಜೋಳ ಹಾಲುಗಾಳು ಕಟ್ಟಿತ್ತು. ಅದು ದಂಟು ಬಾಗಿಸಿ ತೆನೆ ಮುರಿಯುತ್ತ ಸಾಲು ಹಿಡಿದು ಸಾಗಿತ್ತು. ಈ ಬದುವಿನ ಮೇಲೆ ಫಕೀರವ್ವ ಕೂತಿದ್ದಳು, ಆ ಬದುವಿನ ಮೇಲೆ ಸಂಗನಗೌಡ ಕೋಲು ಹಿಡಿದು ನಿಂತಿದ್ದ. ತಂದೆ ಸತ್ತು ಬೋಳಿಸಿದ ತಲೆಯಲ್ಲಿ ಆಗ ತಾನೇ ಕೂದಲು ಮೂಡುತ್ತಿತ್ತು.

"ಕರಕೋ ನಿನ್ನ ಟಗರು," ಎಂದು ಅವನು ಕೂಗಿದ.

"ನಂದಲ್ಲ. ತಾಯೀದು."

"ನೀ ಕೂಗಿದ್ರ ಬರ್ತೈತಿ."

"ಬರ್ತೈತಿ."

ಅವನು ಕೋಲನ್ನು ಅರ್ಧಕ್ಕೆ ಎತ್ತಿದ, ಇಳಿಸಿದ. ಕೈಯೆತ್ತಿದಾಗ ಅಂಗಿಯ ಗುಂಡಿಗಳ ನಡುವೆ ನೀಲಿ ಅಂಚೊಂದು ಕಂಡಿತು. ನನಗೆ ಗುರುತು ಸಿಗದೆ ಇರಲು ಸಾಧ್ಯವೇ? ಬಡಿತ ನೋಡಲು ನಮ್ಮ ಸಂಸ್ಥೆ ರೋಗಿಗಳಿಗೆ ಕಟ್ಟುವ ಎದೆಪಟ್ಟಿ. ಅವನ ಅಜ್ಜಿಯಿಂದ ಅಪ್ಪನಿಗೆ ಇಳಿದದ್ದು ಅವನನ್ನೂ ಬಿಟ್ಟಿರಲಿಲ್ಲ. ಎರಡು ಕೂಗಿನ ಮಾತಿಗೇ ಅವನು ಏದುತ್ತಿದ್ದ.

ಫಕೀರವ್ವನೂ ಅದನ್ನು ನೋಡಿದಳು. ಆಮೇಲೆ ಎದ್ದು ಸೀರೆ ಕೊಡವಿಕೊಂಡಳು.

"ಕೂಗ್ತೀನಿ," ಎಂದಳು. "ಮೊದಲ ನೀ ನನ್ನ ಕೂಗು. ಅಪ್ಪನ ತಂಗೀಗೆ ಏನಂತಾರ ನಿಮ್ಮನ್ಯಾಗ?"

ಅವನ ತುಟಿ ಕದಲಿತು. ಅವನ ಹಿಂದೆ ಕ್ವಾರಿಯ ಆಳುಗಳು ಒಬ್ಬೊಬ್ಬರಾಗಿ ಬಂದು ನಿಲ್ಲತೊಡಗಿದ್ದರು. ಅಜ್ಜಿ ಕಲಿಸಿದ ಹೂಂ ನನ್ನ ಗಂಟಲಿನವರೆಗೂ ಬಂದಿತ್ತು.

ಅವನು ಹಿಂದೆ ತಿರುಗಿ ಆಳುಗಳನ್ನು ನೋಡಿದ.

ಟಗರು ಮುಂದಿನ ಸಾಲಿಗೆ ಹೋಯಿತು.